ಎಣಿಕೆಗೆ ಸಿಗದ ಕೊಡಗು: ಸಂಸ್ಕೃತಿ ನೀತಿ ಕಾಣದೆ ಬಿಟ್ಟದ್ದೇನು?

1991ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ಮಾತೃಭಾಷೆ ಎಂದು ಬರೆಸಿದವರು 97,011 ಮಂದಿ. 2001ರಲ್ಲಿ ಆ ಸಂಖ್ಯೆ 1,66,187ಕ್ಕೆ ಜಿಗಿಯಿತು. 2011ರಲ್ಲಿ 1,13,857ಕ್ಕೆ ಇಳಿಯಿತು. ಒಂದು ದಶಕದಲ್ಲಿ ಶೇ 71ರಷ್ಟು ಬೆಳೆದು, ಮರುದಶಕದಲ್ಲಿ ಮೂರರಲ್ಲಿ ಒಂದು ಪಾಲು ಕರಗಿಹೋಗುವ ಭಾಷೆ ಇರಲಾರದು. ಆ ಇಪ್ಪತ್ತು ವರ್ಷಗಳಲ್ಲಿ ಕೊಡಗಿನಲ್ಲಿ ಹುಟ್ಟಿದವರ ಲೆಕ್ಕದಿಂದಲೋ ಊರು ಬಿಟ್ಟು ಹೋದವರ ಲೆಕ್ಕದಿಂದಲೋ ಇಂಥ ಏರಿಳಿತವನ್ನು ವಿವರಿಸಲು ಆಗುವುದಿಲ್ಲ. ಗಣತಿದಾರರು ಹೇಗೆ ಕೇಳಿದರು, ಮನೆಯವರು ಏನು ಹೇಳಿದರು, ಆ ಉತ್ತರವನ್ನು ಕೊನೆಗೆ ಯಾವ ಭಾಷೆಯ ಲೆಕ್ಕಕ್ಕೆ ಸೇರಿಸಲಾಯಿತು ಎಂಬುದರ ಏರಿಳಿತವೇ ಇಲ್ಲಿ ಹೆಚ್ಚು ಕಾಣುತ್ತಿದೆ ಎಂದು ನಾನು ಓದುತ್ತೇನೆ.

ಆದರೂ ದೆಹಲಿಯಲ್ಲಿ ಸಂಸ್ಕೃತಿ, ಭಾಷೆಗಳ ಬಗ್ಗೆ ನಿರ್ಧಾರ ಮಾಡುವವರ ಮೇಜಿನ ಮೇಲಿರುವುದು ಇದೇ ಅಂಕಿ. 2027ರ ಜನಗಣತಿಯ ಮುಖ್ಯ ಹಂತ ಆ ವರ್ಷದ ಫೆಬ್ರುವರಿಗೆ ನಿಗದಿಯಾಗಿದೆ. ಜಾತಿಗಣತಿಯೂ ಅದರಲ್ಲಿ ಸೇರಿದೆ. ಹಾಗಾಗಿ ಕೊಡಗಿನಲ್ಲಿ ಪ್ರತ್ಯೇಕ ಕಾಲಂ, ಪ್ರತ್ಯೇಕ ಸಂಕೇತ ಸಂಖ್ಯೆ, ಸಂವಿಧಾನದ ಭಾಷಾಪಟ್ಟಿಯಾದ ಎಂಟನೇ ಪರಿಚ್ಛೇದ ಎಂಬ ಮಾತುಗಳು ಮತ್ತೆ ಕಾವು ಪಡೆದಿವೆ. ಬೇಡಿಕೆಗಳು ನ್ಯಾಯವಾದವು. ಆದರೆ ಅವುಗಳ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ನಮ್ಮ ದೇಶದ ಸಂಸ್ಕೃತಿ ನೀತಿ ಯಾವುದನ್ನು ಪರಂಪರೆ ಎಂದು ಗುರುತಿಸುತ್ತದೆ, ಯಾವುದನ್ನು ಕಾಣುವುದೇ ಇಲ್ಲ? ಎಣಿಸಲು ಬರುವುದು, ಓದಲು ಬರುವುದು, ವೇದಿಕೆಯ ಮೇಲೆ ತೋರಿಸಲು ಬರುವುದು, ಕಲ್ಲಿನಲ್ಲಿ ಕಟ್ಟಿದ್ದು ನೀತಿಗೆ ಕಾಣುತ್ತದೆ. ಕೊಡಗಿನ ಬಹುಪಾಲು ಪರಂಪರೆ ಈ ನಾಲ್ಕರಲ್ಲೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಅದು ನಿಂತಿರುವುದು ನೆಲದ ಮೇಲೆ. ಇಂಥ ಕಾಡು, ಇಂಥ ಮಂದ್ (ಊರ ಹಬ್ಬದ ಬಯಲು), ಇಂಥ ಮನೆ, ಇಂಥ ಹಾಡಿ (ಆದಿವಾಸಿಗಳ ಕೇರಿ) ಎಂದು ಬೆರಳಿಟ್ಟು ತೋರಿಸಬಹುದಾದ ಜಾಗಗಳಲ್ಲಿ. ಆ ಜಾಗ ಕೈತಪ್ಪಿದರೆ ಯಾವ ಅಕಾಡೆಮಿಯೂ ಅದನ್ನು ಮರಳಿ ತಂದುಕೊಡಲಾರದು.

ಮೊದಲು ನೀತಿ ಎಂದರೆ ಏನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಶಿಕ್ಷಣಕ್ಕೆ 2020ರ ರಾಷ್ಟ್ರೀಯ ನೀತಿ ಇರುವಂತೆ ಸಂಸ್ಕೃತಿಗೆ ಜಾರಿಯಲ್ಲಿರುವ ಒಂದೇ ಒಂದು ರಾಷ್ಟ್ರೀಯ ದಸ್ತಾವೇಜು ಭಾರತದಲ್ಲಿಲ್ಲ. ಇರುವುದು ಸಂಸ್ಥೆಗಳು, ಕಾಯ್ದೆಗಳು ಮತ್ತು ಯೋಜನೆಗಳ ಒಂದು ಗುಚ್ಛ. ಐವತ್ತರ ದಶಕದಲ್ಲಿ ಹುಟ್ಟಿದ ಸಾಹಿತ್ಯ, ಸಂಗೀತ ನಾಟಕ, ಲಲಿತಕಲಾ ಅಕಾಡೆಮಿಗಳು. ಎಂಬತ್ತರ ದಶಕದಲ್ಲಿ ಬಂದ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳು, ಅವುಗಳಲ್ಲಿ ದಕ್ಷಿಣದ್ದು ತಂಜಾವೂರಿನಲ್ಲಿ. ಪ್ರಾಚೀನ ಸ್ಮಾರಕಗಳಿಗೆ 1958ರ ಕಾಯ್ದೆ. ಅಮೂರ್ತ ಪರಂಪರೆಯ ರಕ್ಷಣೆಗೆ ಯುನೆಸ್ಕೊದ 2003ರ ಒಡಂಬಡಿಕೆ, ಅದಕ್ಕೆ 2005ರಲ್ಲಿ ಭಾರತದ ಒಪ್ಪಿಗೆ. ಇತ್ತೀಚೆಗೆ ಹಳ್ಳಿ ಹಳ್ಳಿಯ ಸಾಂಸ್ಕೃತಿಕ ನಕ್ಷೆ ತಯಾರಿಸಲು 2023ರಲ್ಲಿ ಆರಂಭವಾದ ‘ಮೇರಾ ಗಾಂವ್ ಮೇರಿ ಧರೋಹರ್’, ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆಗೆ 2025ರ ಬಜೆಟ್‌ನಲ್ಲಿ ಘೋಷಿಸಿದ ‘ಜ್ಞಾನ ಭಾರತಂ’. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ ಬರಗೂರು ರಾಮಚಂದ್ರಪ್ಪ ಅಧ್ಯಕ್ಷತೆಯ ಸಮಿತಿಯ ವರದಿಯ ಆಧಾರದ ಮೇಲೆ 2017ರಲ್ಲಿ ರಾಜ್ಯ ಸಾಂಸ್ಕೃತಿಕ ನೀತಿಗೆ ಸಂಪುಟದ ಒಪ್ಪಿಗೆ ಪಡೆಯಿತು. ಇವೆಲ್ಲಕ್ಕೂ ತಳಹದಿಯಾಗಿ ಸಂವಿಧಾನದ 29ನೇ ವಿಧಿ ಇದೆ: ತನ್ನದೇ ಭಾಷೆ, ಲಿಪಿ ಅಥವಾ ಸಂಸ್ಕೃತಿ ಇರುವ ಯಾವುದೇ ಜನವಿಭಾಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ.

ಹಕ್ಕು ದೊಡ್ಡದು. ಅದನ್ನು ನಡೆಸಿಕೊಡುವ ಯೋಜನೆಗಳು ಮಾತ್ರ ಒಂದೊಂದೂ ಒಂದೊಂದು ಅಳತೆಗೋಲು ಹಿಡಿದು ಬರುತ್ತವೆ.

ಎರಡು ಗೆರೆಗಳ ನಡುವೆ

ಭಾಷೆಯನ್ನೇ ತೆಗೆದುಕೊಳ್ಳಿ. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಕೊಡವ ‘ಖಚಿತವಾಗಿ ಅಪಾಯದಲ್ಲಿರುವ’ ಭಾಷೆ. ಹಾಗಿದ್ದ ಮೇಲೆ ಕೇಂದ್ರದ ನೆರವು ಸಿಗಬೇಕಲ್ಲವೇ? ಅಳಿವಿನಂಚಿನ ಭಾಷೆಗಳ ರಕ್ಷಣೆಗೆಂದು 2013ರಲ್ಲಿ ಶುರುವಾದ ಯೋಜನೆಯ ಹೊಣೆ ಹೊತ್ತಿರುವುದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ. ಕುಶಾಲನಗರದಿಂದ ಬಸ್ಸು ಹತ್ತಿದರೆ ಎರಡು ಮೂರು ಗಂಟೆಯ ದಾರಿ. ಆದರೆ ಆ ಯೋಜನೆ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳಿಗೆ ಮೀಸಲು. ಕೊಡವ ಆಡುವವರು ಲಕ್ಷ ದಾಟಿರುವುದರಿಂದ ಅಲ್ಲಿ ಜಾಗವಿಲ್ಲ.

ಇನ್ನೊಂದು ತುದಿಯಲ್ಲಿ ಎಂಟನೇ ಪರಿಚ್ಛೇದ. ಅಲ್ಲಿರುವ 22 ಭಾಷೆಗಳ ಸಾಲಿಗೆ ಸೇರಿಸಬೇಕೆಂದು ಬಂದ 38 ಭಾಷೆಗಳ ಬೇಡಿಕೆಯಲ್ಲಿ ತುಳುವಿನ ಜತೆ ಕೊಡವವೂ ಇದೆ. 1996ರ ಪಹ್ವಾ ಸಮಿತಿ, 2003ರ ಸೀತಾಕಾಂತ ಮಹಾಪಾತ್ರ ಸಮಿತಿ ಎರಡೂ ಮಾನದಂಡ ಹುಡುಕಿದವು, ಖಚಿತವಾದದ್ದೇನೂ ನಿಲ್ಲಲಿಲ್ಲ. ಜನಸಂಖ್ಯೆ ಸಾಲದು ಎಂಬ ವಾದವನ್ನು ಕೊಡಗಿನವರು ಮತ್ತೆ ಮತ್ತೆ ಕೇಳುತ್ತಾರೆ. ಆದರೆ ಸಂಖ್ಯೆಯೇ ನಿರ್ಣಾಯಕವಾಗಿದ್ದರೆ 2011ರಲ್ಲಿ 24,821 ಮಂದಿ ಮಾತೃಭಾಷೆ ಎಂದು ಬರೆಸಿದ ಸಂಸ್ಕೃತ ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಸಂಸ್ಕೃತ ಅಲ್ಲಿರುವುದು ಅದರ ಸಾಹಿತ್ಯ ಮತ್ತು ಚರಿತ್ರೆಯ ಬಲದಿಂದ, ಅದು ಸರಿಯೂ ಹೌದು. ಅಂದರೆ ತಲೆಯೆಣಿಕೆಯನ್ನು ಬಿಟ್ಟು ಬೇರೆ ಆಧಾರದ ಮೇಲೆ ಭಾಷೆಯನ್ನು ಗೌರವಿಸಲು ನಮ್ಮ ಸಂವಿಧಾನಕ್ಕೆ ಗೊತ್ತಿದೆ. ಆ ಔದಾರ್ಯ ಬಾಯಿಂದ ಬಾಯಿಗೆ ಬಂದ ಭಾಷೆಗಳಿಗೂ ಏಕೆ ಸಿಗಬಾರದು ಎಂಬುದೇ ಪ್ರಶ್ನೆ. ಹೀಗೆ ಕೊಡವ ಕೆಳಗಿನ ಗೆರೆಗೆ ದೊಡ್ಡದಾಗಿ, ಮೇಲಿನ ಗೆರೆಗೆ ಚಿಕ್ಕದಾಗಿ ನಡುವೆಯೇ ನಿಂತಿದೆ.

ಕೊಡವದ ಕಥೆ ಹೇಗೋ ಸುದ್ದಿಯಾಗುತ್ತದೆ. ಎರವರ ಕಥೆ ಆಗುವುದಿಲ್ಲ. ದಕ್ಷಿಣ ಕೊಡಗಿನ ಕಾಫಿ ತೋಟಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿರುವ ಎರವರ ಮಾತನ್ನು ಜನಗಣತಿ ಮಲಯಾಳದ ಗುಂಪಿನೊಳಗೆ ಸೇರಿಸುತ್ತದೆ. ಕುರುಬ ಎಂದು ಬರೆಸಿದ ಮಾತು ಕನ್ನಡದ ಗುಂಪಿನೊಳಗೆ ಹೋಗುತ್ತದೆ. ಸುಳ್ಯದಿಂದ ಮಡಿಕೇರಿಯವರೆಗೆ ಹಬ್ಬಿರುವ ಅರೆಭಾಷೆಯೂ ಪ್ರತ್ಯೇಕ ಭಾಷೆಯಾಗಿ ಎಣಿಕೆಗೆ ಬರುವುದಿಲ್ಲ. ಭಾಷಾಶಾಸ್ತ್ರದ ದೃಷ್ಟಿಯಿಂದ ಈ ವರ್ಗೀಕರಣಕ್ಕೆ ವಾದಗಳು ಇರಬಹುದು, ಚರ್ಚೆ ನಡೆಯಲಿ. ಆಡಳಿತದ ಪರಿಣಾಮ ಮಾತ್ರ ಒಂದೇ: ಎರವರ ಮಗು ಶಾಲೆಗೆ ಬಂದಾಗ ಅದರ ಮನೆಮಾತು ದಾಖಲೆಯಲ್ಲಿ ಒಂದು ದೊಡ್ಡ ಭಾಷೆಯ ಉಪಭೇದ. ಕೊಡಗಿನ ಶಾಲೆಯಲ್ಲಿ ಆ ದೊಡ್ಡ ಭಾಷೆಯ ಪಾಠವೂ ಇಲ್ಲ, ಮಗುವಿನ ಭಾಷೆಯದೂ ಇಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ವ್ಯವಸ್ಥೆ ಮಾಡಬೇಕೆಂದು 350ಎ ವಿಧಿ ಹೇಳುತ್ತದೆ. 2020ರ ಶಿಕ್ಷಣ ನೀತಿಯೂ ಕನಿಷ್ಠ ಐದನೇ ತರಗತಿಯವರೆಗೆ ಸಾಧ್ಯವಾದಲ್ಲೆಲ್ಲ ಮನೆಮಾತೇ ಕಲಿಕೆಯ ಮಾಧ್ಯಮವಾಗಲಿ ಎನ್ನುತ್ತದೆ. ಪ್ರತ್ಯೇಕ ಭಾಷೆ ಎಂದು ಎಣಿಸದ ಮಾತಿಗೆ ಈ ಎರಡೂ ಭರವಸೆಗಳು ತಲುಪುವ ದಾರಿ ಇಲ್ಲ.

ರಾಜ್ಯ ಸರ್ಕಾರ ಈ ವಿಷಯದಲ್ಲಿ ಸ್ವಲ್ಪ ಉತ್ತಮ. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಬಂತು, ಆಮೇಲೆ ಅರೆಭಾಷೆಗೂ ಒಂದು ಅಕಾಡೆಮಿ ಬಂತು, ಎರಡೂ ಮಡಿಕೇರಿಯಲ್ಲಿವೆ. ಪದಕೋಶ, ಜಾನಪದ ಸಂಗ್ರಹ, ಶಿಬಿರಗಳ ಕೆಲಸ ನಡೆದಿದೆ. ಜಿಲ್ಲೆಗೆಂದೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವೂ ಹುಟ್ಟಿತು; ಎರಡೇ ವರ್ಷದಲ್ಲಿ, 2025ರಲ್ಲಿ, ಮುಚ್ಚಬೇಕಾದ ಅಥವಾ ವಿಲೀನಗೊಳಿಸಬೇಕಾದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರು ಬಂತು. ವಿದ್ಯಾರ್ಥಿಗಳ ಸಂಖ್ಯೆ, ಖರ್ಚು ಎಂಬ ಕಾರಣಗಳು ಲೆಕ್ಕಪತ್ರಕ್ಕೆ ಸರಿ. ಆದರೆ ಹತ್ತಾರು ಮನೆಮಾತುಗಳಿರುವ ಒಂದು ಗುಡ್ಡಗಾಡು ಜಿಲ್ಲೆಯಲ್ಲಿ ವಿಶ್ವವಿದ್ಯಾಲಯದ ಬೆಲೆಯನ್ನು ಪ್ರವೇಶ ಸಂಖ್ಯೆಯಿಂದ ಮಾತ್ರ ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ವೇದಿಕೆಗೆ ಏರುವುದು, ಏರದಿರುವುದು

ಉಮ್ಮತ್ತಾಟ್ ಕುಣಿತವನ್ನು ಊರೂರಿಗೆ ಕೊಂಡೊಯ್ದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕೊಡಗೇ ಸಂಭ್ರಮಿಸಿತು. ಅದು ಅರ್ಹ ಗೌರವ. ಹಿತ್ತಾಳೆಯ ತಾಳ ಹಿಡಿದು ವೃತ್ತದಲ್ಲಿ ಕುಣಿಯುವ ಉಮ್ಮತ್ತಾಟ್ ವೇದಿಕೆಗೆ ಹೊಂದಿಕೊಳ್ಳಬಲ್ಲದು; ಹತ್ತು ನಿಮಿಷಕ್ಕೆ ಇಳಿಸಬಹುದು, ದಸರೆಯ ಮೆರವಣಿಗೆಗೂ ಹೊಂದಿಸಬಹುದು. ವಲಯ ಕೇಂದ್ರಗಳ ಪ್ರೋತ್ಸಾಹ ಇಂಥ ಕಲೆಗಳಿಗೆ ಸುಲಭವಾಗಿ ಸಿಗುತ್ತದೆ.

ಕುಂಡೆ ಹಬ್ಬವನ್ನು ಹಾಗೆ ಮಾಡಲು ಬರುವುದಿಲ್ಲ. ಮೇ ತಿಂಗಳಿನಲ್ಲಿ ತಿತಿಮತಿ ಬಳಿಯ ದೇವರಪುರದಲ್ಲಿ ಜೇನುಕುರುಬರು, ಎರವರು, ಇತರ ಆದಿವಾಸಿಗಳು ವೇಷ ಕಟ್ಟಿ, ಸಿಕ್ಕಿದ್ದನ್ನು ವಾದ್ಯವಾಗಿ ಬಡಿಯುತ್ತ, ದಾರಿಹೋಕರಿಂದ ಕಾಣಿಕೆ ಎತ್ತುತ್ತ, ದೇವರನ್ನೂ ಎದುರಿಗೆ ಬಂದವರನ್ನೂ ಬೈಯುತ್ತ ಬರುತ್ತಾರೆ. ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಗೆ ಮನಸೋತು ತಮ್ಮನ್ನು ನಡುಕಾಡಿನಲ್ಲಿ ಬಿಟ್ಟುಹೋದ ಎಂಬುದು ಅವರ ಕಥೆ. ಬೈಗುಳ ಆ ಕೈಬಿಟ್ಟ ದೇವರಿಗೆ ಸಲ್ಲುವ ಸೇವೆ. ವರ್ಷವಿಡೀ ಬೇರೆಯವರ ತೋಟದಲ್ಲಿ ತಲೆ ತಗ್ಗಿಸಿ ದುಡಿಯುವವರು ಆ ದಿನ ಯಾರನ್ನು ಬೇಕಾದರೂ ಎದುರು ನಿಂತು ಬೈಯಬಹುದು, ಬೈಸಿಕೊಂಡವರು ಕಾಸು ಕೊಟ್ಟು ಕೈಮುಗಿಯಬೇಕು. ಕೊಡಗಿನ ಸಾಮಾಜಿಕ ಚರಿತ್ರೆಯನ್ನು ಇದಕ್ಕಿಂತ ನಿಚ್ಚಳವಾಗಿ ಹೇಳುವ ಆಚರಣೆ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಇದನ್ನು ಯಾವ ಉತ್ಸವದ ವೇದಿಕೆಗೆ ಏರಿಸುತ್ತೀರಿ? ಬೈಗುಳ ತೆಗೆದರೆ ಹಬ್ಬ ಉಳಿಯುವುದಿಲ್ಲ. ದೇವರಪುರದ ದಾರಿಯಿಂದ ಬೇರ್ಪಡಿಸಿದರೂ ಉಳಿಯುವುದಿಲ್ಲ. ಕ್ಯಾಮೆರಾ ಹಿಡಿದ ಪ್ರವಾಸಿಗರಿಗೆ ಅದು ಬರೀ ವಿಚಿತ್ರ ನೋಟವಾದರೆ ಆಡುವವರ ಮಾನವೂ ಹೋಗುತ್ತದೆ.

ಮೌಖಿಕ ಪರಂಪರೆಯೂ ಹೀಗೆಯೇ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಪದ, ಪದ್ಧತಿ, ಗಾದೆಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ತಂದರು, ಸರ್ಕಾರಿ ಯೋಜನೆಗಳು ಹುಟ್ಟುವ ಮುಂಚೆಯೇ ಆದ ಕೆಲಸ ಅದು. ಆ ಭಾಗ್ಯ ಎರವರ ಹಾಡುಗಳಿಗೋ ಬೆಟ್ಟದ ಆದಿವಾಸಿಗಳಾದ ಕುಡಿಯರ ಕಥೆಗಳಿಗೋ ಅದೇ ಪ್ರಮಾಣದಲ್ಲಿ ಸಿಗಲಿಲ್ಲ. ಈಗ ಹಸ್ತಪ್ರತಿಗಳಿಗೆಂದು ದೊಡ್ಡ ಅಭಿಯಾನ ನಡೆಯುತ್ತಿರುವುದು ಸಂತೋಷದ ವಿಷಯವೇ. ಆದರೆ ಓಲೆಗರಿಯನ್ನೇ ಮುಟ್ಟದ ಸಮುದಾಯದ ಜ್ಞಾನಕ್ಕೆ ಆ ಅಭಿಯಾನದಲ್ಲಿ ಬಾಗಿಲಿಲ್ಲ. ಹಾಡಿಯಲ್ಲಿ ಹಾಡು ಬಲ್ಲ ಒಬ್ಬ ಅಜ್ಜಿ ತೀರಿಹೋದರೆ ಮತ್ತೊಂದು ಪ್ರತಿ ಹುಡುಕಲು ಎಲ್ಲಿಗೆ ಹೋಗಬೇಕು?

ಹಳ್ಳಿಗಳ ಸಾಂಸ್ಕೃತಿಕ ನಕ್ಷೆಯ ಯೋಜನೆ ಈ ಕೊರತೆಯನ್ನು ತುಂಬಬಹುದಿತ್ತು. ಅದರ ಘಟಕ ಗ್ರಾಮ. ಕೊಡಗಿನ ಅನೇಕ ಹಾಡಿಗಳಿಗೆ ಕಂದಾಯ ಗ್ರಾಮದ ಸ್ಥಾನವೇ ಇಲ್ಲ. ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಗಳಿಗಂತೂ ಆ ಪ್ರಶ್ನೆಯೇ ಏಳುವುದಿಲ್ಲ. ಊರಿನ ಹೆಸರಿನಡಿ ದೇವಸ್ಥಾನ, ಹಬ್ಬ, ತಿನಿಸು ದಾಖಲಾಗುತ್ತವೆ; ಆ ಊರಿನ ಅಂಚಿನಲ್ಲಿರುವವರ ಲೋಕ ನಕ್ಷೆಯ ಹೊರಗೆ ಉಳಿಯುವ ಅಪಾಯ ದೊಡ್ಡದು.

ನೆಲ ಬಿಟ್ಟರೆ ಏನೂ ಇಲ್ಲ

ಪಶ್ಚಿಮ ಘಟ್ಟಗಳಿಗೆ 2012ರಲ್ಲಿ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಾಗ ಕೊಡಗಿನ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳು, ಪದಿನಾಲ್ಕುನಾಡು ಮತ್ತು ಕೆರ್ಟಿ ಮೀಸಲು ಅರಣ್ಯಗಳು ಅದರಲ್ಲಿ ಸೇರಿದವು. ಮಾನ್ಯತೆ ಸಿಕ್ಕಿದ್ದು ನೈಸರ್ಗಿಕ ಪರಂಪರೆ ಎಂಬ ವರ್ಗದಲ್ಲಿ, ಜೀವವೈವಿಧ್ಯದ ಆಧಾರದ ಮೇಲೆ. ಸರಿಯೇ. ಆದರೆ ಅದೇ ಬೆಟ್ಟಸಾಲಿನ ಮಗ್ಗುಲಲ್ಲಿ ಬೈನೆ ಮರ, ಏಲಕ್ಕಿ, ಜೇನು ನಂಬಿ ಬದುಕಿದ ಕುಡಿಯರು ಆ ಕಾಡಿನ ಭಾಗ ಎಂದು ಎಲ್ಲೂ ಬರೆದಂತಾಗಲಿಲ್ಲ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಇಷ್ಟು ಒತ್ತಾಗಿ ದೇವರಕಾಡುಗಳಿರುವ ಜಿಲ್ಲೆ ದೇಶದಲ್ಲೇ ಅಪರೂಪ. ಅಯ್ಯಪ್ಪನ ಕಾಡಿಗೆ ಮಣ್ಣಿನ ನಾಯಿಯ ಹರಕೆ, ಭಗವತಿಯ ನೆಲೆಯಲ್ಲಿ ವಾರ್ಷಿಕ ಹಬ್ಬ, ದೈವದ ವೇಷವಾದ ತೆರೆ ಕಟ್ಟುವವರು ಒಂದು ಸಮುದಾಯ, ವಾಲಗ ಊದಿ ಬಡಿಯುವವರು ಇನ್ನೊಂದು, ಹಬ್ಬದ ಮುಖ್ಯಸ್ಥರಾದ ತಕ್ಕರ ಹೊಣೆ ಮತ್ತೊಂದು ಮನೆತನಕ್ಕೆ. ಒಂದೇ ಕಾಡು ಐದಾರು ಸಮುದಾಯಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಆ ಕಟ್ಟಿನೊಳಗೆ ಮೇಲುಕೀಳು ಇತ್ತು, ಈಗಲೂ ಇದೆ. ಅದನ್ನು ಮುಚ್ಚಿಟ್ಟು ಪರಂಪರೆಯನ್ನು ಹೊಗಳುವುದು ತಪ್ಪು. ಆದರೆ ದೇವರಕಾಡಿನ ಅಂಚು ವರ್ಷ ವರ್ಷ ಕಾಫಿ ತೋಟವಾಗಿ, ಮನೆಯಾಗಿ ಸವೆದಾಗ ಎಲ್ಲ ಸಮುದಾಯಗಳೂ ಕಳೆದುಕೊಳ್ಳುತ್ತವೆ. ಅರಣ್ಯ ಇಲಾಖೆಯ ಲೆಕ್ಕದಲ್ಲಿ ಅದು ಕಾಡು, ಊರವರ ಲೆಕ್ಕದಲ್ಲಿ ದೇವರ ಜಾಗ. ಸಂಸ್ಕೃತಿ ಇಲಾಖೆಯ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ.

ಮನೆತನಗಳ ಮೂಲಮನೆಗಳಾದ ಐನ್‌ಮನೆಗಳದ್ದೂ ಇದೇ ಪಾಡು. ಮಡಿಕೇರಿಯ ಕೋಟೆಗೆ ಸ್ಮಾರಕದ ರಕ್ಷಣೆ ಇದೆ. ಒಂದು ಒಕ್ಕದ (ಮನೆತನದ) ಎಲ್ಲರೂ ಸುಗ್ಗಿಹಬ್ಬ ಪುತ್ತರಿಗೆ ಸೇರುವ, ಪೂರ್ವಜರ ಗುಡಿಯಾದ ಕೈಮಡದಲ್ಲಿ ಹಿರಿಯರಿಗೆ ಮೀದಿ (ಎಡೆ) ಇಡುವ ಐನ್‌ಮನೆ ಜೀವಂತ ಮನೆ. ಸ್ಮಾರಕವಾಗಿಸಿದರೆ ಅದು ಸಾಯುತ್ತದೆ, ಬಿಟ್ಟರೆ ಮಳೆಗೆ ಕುಸಿಯುತ್ತದೆ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಆಸ್ತಿಯ ದಾಖಲೆಗಳು ಇನ್ನೂ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಿನಲ್ಲೇ ಉಳಿದಿರುವ ಕಡೆ ದುರಸ್ತಿಗೆ ಸಾಲ ಪಡೆಯುವುದೂ ಕಷ್ಟ. ಪುತ್ತರಿ ಕೋಲಾಟ್ ನಡೆಯುವ ಮಂದ್ ಕೆಲವೆಡೆ ಕಡತದಲ್ಲಿ ಬರೀ ಪೈಸಾರಿ, ಅಂದರೆ ಸರ್ಕಾರಿ ಜಮೀನು. ಪೈಸಾರಿ ಎಂದು ಬರೆದ ಜಾಗವನ್ನು ನಾಳೆ ಯಾವುದಕ್ಕೂ ಕೊಡಬಹುದು. ಕಂದಾಯ ಇಲಾಖೆ ಪಹಣಿಯ ಒಂದು ಕಾಲಂನಲ್ಲಿ ‘ಮಂದ್’ ಎಂದು ಬರೆದರೆ ಅದು ಯಾವ ಉತ್ಸವದ ಅನುದಾನಕ್ಕಿಂತ ಹೆಚ್ಚು ಕಾಲ ಆ ಹಬ್ಬವನ್ನು ಕಾಯುತ್ತದೆ.

ಈ ಮಾತು ಅತ್ಯಂತ ಕಠೋರವಾಗಿ ನಿಜವಾಗುವುದು ಆದಿವಾಸಿಗಳ ವಿಷಯದಲ್ಲಿ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲುಗಳನ್ನು ಕೆಡವಲಾಯಿತು. ಅವರಲ್ಲಿ ಬಹುಮಂದಿ ಲೈನ್ ಮನೆಯ ಬದುಕಿನಿಂದ ಹೊರಬಂದು ಸ್ವಂತ ನೆಲ ಕೇಳಿದವರು. ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಮನೆಗಳು ಸಿಕ್ಕವು. ಸೂರು ಸಿಕ್ಕಿದ್ದು ದೊಡ್ಡ ವಿಷಯ. ಆದರೆ ಹಿರಿಯರ ಜಾಗ, ಹಬ್ಬದ ದಾರಿ, ಜೇನಿನ ಮರಗಳು ದೂರದಲ್ಲೇ ಉಳಿದವು. 2025ರ ಮೇ ತಿಂಗಳಿನಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆ ಅರಣ್ಯದೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ, ಇದು ನಮ್ಮ ಪೂರ್ವಜರ ನೆಲ ಎಂದು ಕುಳಿತವು. ಸುದ್ದಿಯಲ್ಲಿ ಅದು ಅರಣ್ಯ ಮತ್ತು ಹುಲಿಯ ವಿವಾದವಾಗಿ ಬಂತು. ಅದು ಅಷ್ಟೇ ಮಟ್ಟಿಗೆ ಸಂಸ್ಕೃತಿಯ ವಿವಾದವೂ ಆಗಿತ್ತು.

ಹಾಗೆಂದು ಹೇಳಲು ಕಾಯ್ದೆಯ ಆಧಾರವೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಕಲಂ ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಒಪ್ಪುತ್ತದೆ; ಜೇನುಕುರುಬರಂಥ ವಿಶೇಷ ದುರ್ಬಲ ಬುಡಕಟ್ಟುಗಳಿಗೆ ಇಡೀ ಆವಾಸದ ಮೇಲಿನ ಹಕ್ಕನ್ನು ಹೇಳುತ್ತದೆ. ಐದನೇ ಕಲಂ ಆವಾಸದ ‘ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆ’ಗೆ ಧಕ್ಕೆ ತರುವ ಕೆಲಸಗಳನ್ನು ತಡೆಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಅಲ್ಪಸಂಖ್ಯಾತ ಸಂಸ್ಕೃತಿಗಳ ರಕ್ಷಣೆಗೆ ನಮ್ಮಲ್ಲಿರುವ ಅತ್ಯಂತ ಬಲವಾದ ಸಾಲುಗಳು ಸಂಸ್ಕೃತಿ ಸಚಿವಾಲಯದ ಯಾವ ಯೋಜನೆಯಲ್ಲೂ ಅಲ್ಲ, ಈ ಅರಣ್ಯ ಹಕ್ಕು ಕಾಯ್ದೆಯಲ್ಲಿವೆ. ಮೈಸೂರು ಜಿಲ್ಲೆಯ ಜೇನುಕುರುಬ ನಾಯಕ ಸೋಮಣ್ಣ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದದ್ದು ಸಮಾಜಸೇವೆಯ ಹೆಸರಿನಲ್ಲಿ. ಅವರು ದಶಕಗಳ ಕಾಲ ಆದಿವಾಸಿಗಳ ಹಕ್ಕಿಗಾಗಿ ಮಾಡಿದ ಕೆಲಸವನ್ನು ನಾನು ಸಂಸ್ಕೃತಿಯ ಕೆಲಸವೆಂದೂ ಎಣಿಸುತ್ತೇನೆ.

ಒಂದು ಕಷ್ಟದ ಮಾತನ್ನು ಇಲ್ಲಿ ಹೇಳಲೇಬೇಕು. ಕೊಡಗಿನ ಪರಂಪರೆ ಎಂದಾಗ ಹೊರಗಿನವರ ಕಣ್ಣಿಗೆ ಬೀಳುವುದು ಕೊಡವರ ನಿಲುವಂಗಿ ಕುಪ್ಯ, ಸೊಂಟದ ಪೀಚೆಕತ್ತಿ, ಹಾಕಿ, ಕೋವಿ. ಕೊಡವರಿಗೆ ಸಂಘಟನೆಯ ಬಲವಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಆರಂಭಿಸಿದ ಒಕ್ಕಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಕಂಡಿತು. ಆ ಹಬ್ಬವನ್ನು ಹುಟ್ಟಿಹಾಕಿದ್ದು ಸರ್ಕಾರವಲ್ಲ, ಒಕ್ಕಗಳು. ಕೋವಿ ಪರವಾನಗಿಯ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ. 2024ರ ಕೊನೆಯಲ್ಲಿ ಕಟ್ಟೆಮಾಡು ದೇವಾಲಯದಲ್ಲಿ ಕೊಡವರ ಸಾಂಪ್ರದಾಯಿಕ ಉಡುಪಿನ ಬಗ್ಗೆ ವಿವಾದ ಎದ್ದಾಗ ನೋವಾದದ್ದು ಸಹಜ, ಮುಂದಿನ ಫೆಬ್ರುವರಿಯಲ್ಲಿ ಕುಟ್ಟದಿಂದ ಮಡಿಕೇರಿಯವರೆಗೆ ಸಾವಿರಾರು ಜನ ನಡೆದರು. ಆದರೆ ಆ ದಿನಗಳಲ್ಲಿ ಎರಡು ನೆರೆಯ ಸಮುದಾಯಗಳು ಎದುರುಬದುರಾಗಿ ನಿಲ್ಲುವಂತಾದದ್ದು ನೋಡಿ ನನಗೆ ಆತಂಕವಾಯಿತು. ನೀತಿ ಒಂದೊಂದು ಸಮುದಾಯಕ್ಕೆ ಒಂದೊಂದು ಅಕಾಡೆಮಿ, ಒಂದೊಂದು ಭವನ ಕೊಟ್ಟು ಸುಮ್ಮನಾದರೆ, ಪರಂಪರೆ ಹಂಚಿಕೊಂಡು ಬಾಳುವುದರ ಬದಲು ಪಾಲು ಕೇಳುವುದಾಗುತ್ತದೆ. ಪಾಲಿನ ಲೆಕ್ಕ ಶುರುವಾದರೆ ಸಂಘಟನೆಯಿಲ್ಲದ ಎರವ, ಕೆಂಬಟ್ಟಿ, ಮೇದರ ಪಾಲಿಗೆ ಏನು ಉಳಿಯುತ್ತದೆ? ಕೊಡವ ಮದುವೆಗೂ ಸಾವಿಗೂ ಬೇಕಾದ ವಾಲಗ ಯಾರ ಕೈಯಲ್ಲಿದೆಯೋ ಅವರ ಮಕ್ಕಳಿಗೆ ಆ ಕಲೆಯನ್ನು ಮಾನದಿಂದ ಮುಂದುವರಿಸಲು ಏನು ಆಸರೆ ಇದೆ ಎಂದು ಕೇಳದ ಕೊಡವ ಸಂಸ್ಕೃತಿ ರಕ್ಷಣೆ ಅರ್ಧದ್ದು.

ಹಾಗಾದರೆ ಆಗಬೇಕಾದ್ದೇನು? ಹತ್ತು ಸಾವಿರದ ಮಿತಿಯನ್ನು ಕೈಬಿಟ್ಟು, ಮಕ್ಕಳು ಮನೆಯಲ್ಲಿ ಆ ಭಾಷೆ ಆಡುತ್ತಾರೋ ಇಲ್ಲವೋ ಎಂಬುದನ್ನು ನೆರವಿನ ಮಾನದಂಡ ಮಾಡಬೇಕು. ಹಾಡಿಗಳಿಗೆ ಕಂದಾಯ ಗ್ರಾಮದ ಸ್ಥಾನ, ಜೇನುಕುರುಬರಿಗೆ ಆವಾಸದ ಹಕ್ಕು, ದೇವರಕಾಡು ಮತ್ತು ಮಂದ್‌ಗಳ ಗಡಿಯ ಸರ್ವೆ ಇವು ಸಂಸ್ಕೃತಿ ಇಲಾಖೆಯ ಕೆಲಸವಲ್ಲ ಎಂದು ಬೇರೆಡೆಗೆ ಕಳಿಸುವಂತಿಲ್ಲ; ಕಂದಾಯ, ಅರಣ್ಯ, ಸಮಾಜ ಕಲ್ಯಾಣ ಮತ್ತು ಸಂಸ್ಕೃತಿ ಇಲಾಖೆಗಳು ಜಿಲ್ಲಾಧಿಕಾರಿಗಳ ಮುಂದೆ ಒಟ್ಟಿಗೆ ಕೂರಬೇಕು. ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳು ತಮ್ಮ ಧ್ವನಿಮುದ್ರಣದ ಅನುಭವವನ್ನು ಎರವ, ಕುಡಿಯ, ಬೆಟ್ಟಕುರುಬ ಯುವಕರಿಗೆ ಕಲಿಸಿ, ಧ್ವನಿಮುದ್ರಿಸಿದ ಹಾಡಿನ ಒಡೆತನ ಅವರಲ್ಲೇ ಉಳಿಯುವಂತೆ ಮಾಡಬಹುದು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ಎಲ್ಲಕ್ಕಿಂತ ಹತ್ತಿರದ ಗಡುವು ಜನಗಣತಿಯದು. ಜನರ ಎಣಿಕೆಯ ಹಂತದಲ್ಲಿ ಮಾತೃಭಾಷೆಯನ್ನು ಕೇಳುವುದು ರೂಢಿ. ಕೊಡಗಿನಲ್ಲಿ ಗಣತಿಗೆ ಹೋಗುವವರಲ್ಲಿ ಶಾಲಾ ಶಿಕ್ಷಕರೇ ಹೆಚ್ಚು; ಅವರ ತರಬೇತಿಯಲ್ಲಿ ಕೊಡವ, ಅರೆಭಾಷೆ, ಎರವ, ಜೇನುಕುರುಬ, ಬೆಟ್ಟಕುರುಬ ಎಂಬ ಹೆಸರುಗಳ ಪಟ್ಟಿ ಕೈಗಿಟ್ಟು, ಮನೆಯವರು ಹೇಳಿದ್ದನ್ನು ಹೇಳಿದಂತೆಯೇ ದಾಖಲಿಸಬೇಕು ಎಂದು ಜಿಲ್ಲಾಡಳಿತ ಸೂಚಿಸಬೇಕು. ಲೈನ್ ಮನೆಯಲ್ಲಿ ಮಾಲೀಕರೋ ತೋಟದ ಮೇಲ್ವಿಚಾರಕ ರೈಟರೋ ಉತ್ತರ ಹೇಳುವ ಪರಿಪಾಠ ಇದ್ದರೆ ಅದು ನಿಲ್ಲಬೇಕು. ಒಳಗಿರುವ ಹೆಂಗಸನ್ನೇ ಕರೆದು, ಅವರು ಮಕ್ಕಳೊಂದಿಗೆ ಯಾವ ಮಾತು ಆಡುತ್ತಾರೆ ಎಂದು ಕೇಳಬೇಕು.